ಓರೆಯಾಗಿ ಸರಿಯುವ ಗೇರ್

ಗೇರ್ ಸೈಕಲ್ಲಿನ ಹಿಂದಿನ ಹಲ್ಲುಚಕ್ರಗಳು ಸಾಲಾಗಿ ಕೂತಿರುತ್ತವೆ. ಹೊರಗೆ ಚಿಕ್ಕದು, ಕಡ್ಡಿಗಳ ಪಕ್ಕ ದೊಡ್ಡದು. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಡಿರೇಲರ್ ಎಂಬ ಗೇರ್ ಬದಲಿಸುವ ಸಾಧನದ ಪುಟ್ಟ ಗಾಲಿ. ಅದು ಹಲ್ಲುಚಕ್ರಕ್ಕೆ ಹತ್ತಿರ ಇದ್ದಷ್ಟೂ ಗೇರ್ ಚುರುಕಾಗಿ ಬೀಳುತ್ತದೆ.

ಯುರೋಪಿನ ಹೆಸರಾಂತ ಡಿರೇಲರ್‌ಗಳಲ್ಲಿ ಈ ಗಾಲಿ ಅಡ್ಡಡ್ಡ ನೇರವಾಗಿ ಸರಿಯುತ್ತಿತ್ತು. ದೊಡ್ಡ ಚಕ್ರಕ್ಕೆ ತಾಗಬಾರದು ಅಂದರೆ ಅದನ್ನು ಸಾಕಷ್ಟು ಕೆಳಗೇ ಇಡಬೇಕು. ಆಗ ಚಿಕ್ಕ ಚಕ್ರಕ್ಕೂ ಅದಕ್ಕೂ ನಡುವೆ ಜಾಸ್ತಿ ಅಂತರ. ಆ ಉದ್ದದಲ್ಲಿ ಚೈನು ಸುಮ್ನೆ ಬಾಗುತ್ತದೆ, ಪಕ್ಕದ ಹಲ್ಲಿಗೆ ಹತ್ತುವುದಿಲ್ಲ. ಸವಾರ ಲಿವರನ್ನು ಬೇಕಾದ್ದಕ್ಕಿಂತ ಜಾಸ್ತಿ ಎಳೆಯಬೇಕು, ಚೈನು ಹತ್ತಿದ ಮೇಲೆ ಸದ್ದಿಗೆ ಕಿವಿಗೊಟ್ಟು ಸ್ವಲ್ಪ ಹಿಂದೆ ಬಿಡಬೇಕು.

1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿಯ ನೊಬುವೊ ಒಝಾಕಿ ಇದಕ್ಕೆ ಪರಿಹಾರ ಕಂಡುಕೊಂಡರು. ಗಾಲಿಯನ್ನು ಹೊತ್ತ, ನಾಲ್ಕು ಕೀಲುಗಳ ಸಮಾಂತರ ಚತುರ್ಭುಜದ ಚೌಕಟ್ಟನ್ನೇ ಓರೆ ಮಾಡಿದರು, ಅಷ್ಟೇ! ಈಗ ಗಾಲಿ ಒಳಗೆ ಸರಿಯುತ್ತಾ ಕೆಳಗೂ ಇಳಿಯುತ್ತದೆ. ಚಕ್ರ ದೊಡ್ಡದಾದಂತೆ ಗಾಲಿಯೂ ಜಾಗ ಬಿಡುತ್ತದೆ, ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೊಸ ಲೋಹ ಬೇಡ, ಹೊಸ ಸ್ಪ್ರಿಂಗ್ ಬೇಡ. ಸೈಕಲ್ಲಿನ ಚರಿತ್ರೆಯಲ್ಲಿ ಇಷ್ಟು ಅಗ್ಗದ, ಇಷ್ಟು ಚಂದದ ಉಪಾಯ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಪೇಟೆಂಟ್ ಸನ್‌ಟೂರ್ ಕೈಯಲ್ಲಿತ್ತು. ಜಪಾನಿನದೇ ಸಕಾಯ್ ಊರಿನ ಶಿಮಾನೊ ಕಂಪನಿ ಬೇರೆ ದಾರಿಗಳನ್ನು ಹುಡುಕಿತು. 70ರ ದಶಕದ ಅದರ ಪಾಸಿಟ್ರಾನ್ ಎಂಬ ಗೇರ್ ವ್ಯವಸ್ಥೆಯಲ್ಲಿ ಪ್ರತಿ ಗೇರಿಗೂ 'ಕ್ಲಿಕ್' ಅಂತ ನಿಲ್ಲುವ ಹಲ್ಲುಗಚ್ಚುಗಳಿದ್ದವು. ಅವು ಇದ್ದದ್ದು ಲಿವರಿನಲ್ಲಲ್ಲ, ಡಿರೇಲರಿನಲ್ಲೇ. ಮುಂದೆ ಬಂದ ಮಾದರಿಯಲ್ಲಿ ಎಳೆಯುವುದಕ್ಕೂ ತಳ್ಳುವುದಕ್ಕೂ ಒಂದೇ ಗಟ್ಟಿ ತಂತಿ.

ಇನ್ನೂ ವಿಚಿತ್ರವಾದದ್ದು ಪೆಡಲಿನ ಹತ್ತಿರವೇ ಫ್ರೀವೀಲ್ (ಪೆಡಲ್ ನಿಂತರೂ ಚಕ್ರವನ್ನು ತಿರುಗಲು ಬಿಡುವ ಭಾಗ) ಇಟ್ಟ ಶಿಮಾನೊದ ಏರ್ಪಾಟು. ಪೆಡಲ್ ನಿಲ್ಲಿಸಿದರೂ ಚೈನು ತಿರುಗುತ್ತಲೇ ಇರುತ್ತಿತ್ತು. ಹಾಗಾಗಿ ಇಳಿಜಾರಿನಲ್ಲಿ ಕಾಲಾಡಿಸದೆಯೇ ಗೇರ್ ಬದಲಿಸಬಹುದಿತ್ತು. ಆದರೆ ಪ್ಯಾಂಟಿನ ಅಂಚು ಸಿಕ್ಕಿಕೊಂಡರೆ? ಅದಕ್ಕೇ ಹಿಂದೆಯೂ ಒಂದು ಬಿಗಿಯಾದ ಫ್ರೀವೀಲ್ ಇಟ್ಟಿದ್ದರು. ಚೈನು ತಡೆದು ನಿಂತರೆ ಅದು ಜಾರಿ ಚಕ್ರವನ್ನು ಬಿಟ್ಟುಕೊಡುತ್ತಿತ್ತು. ಒಳ್ಳೆ ಯೋಚನೆಯೇ, ಆದರೆ ತೂಕವೂ ತೊಡಕೂ ಜಾಸ್ತಿ ಅಲ್ವಾ? ಅದು ಬಹಳ ಕಾಲ ಉಳಿಯಲಿಲ್ಲ.

1984ರಲ್ಲಿ ಸನ್‌ಟೂರ್ ಪೇಟೆಂಟಿನ ಅವಧಿ ಮುಗಿಯಿತು. ಅದೇ ವರ್ಷ ಶಿಮಾನೊ ರೇಸ್ ಸೈಕಲ್ಲುಗಳ ತನ್ನ ಬಿಡಿಭಾಗಗಳ ಸರಣಿ ಡ್ಯೂರಾ-ಏಸ್‌ನಲ್ಲಿ ಓರೆ ಚತುರ್ಭುಜವನ್ನು ಅಳವಡಿಸಿಕೊಂಡಿತು, 'ಕ್ಲಿಕ್' ಅನ್ನು ಡಿರೇಲರಿನಿಂದ ಲಿವರಿಗೆ ತಂದಿತು. ಅಂತರ ಸ್ಥಿರವಾಗಿದ್ದರಿಂದ ಒಂದು ಕ್ಲಿಕ್ಕಿಗೆ ಒಂದು ಗೇರ್ ನಂಬಿಕೆಯಿಂದ ಬೀಳತೊಡಗಿತು. ಸನ್‌ಟೂರ್ ತನ್ನದೇ ಕ್ಲಿಕ್ ಲಿವರ್ ತರುವ ಹೊತ್ತಿಗೆ ಮಾರುಕಟ್ಟೆ ಶಿಮಾನೊ ಕಡೆ ವಾಲಿತ್ತು.