ದಯಾಮರಣ: ಮುದಿ ಸಾಕುಪ್ರಾಣಿಯ ವಿಷಯದಲ್ಲಿ ಈ ಪದದ ಅರ್ಥ

‘ದಯೆ’ ಮತ್ತು ‘ಮರಣ’ ಸೇರಿ ಆದ ಈ ಸಮಾಸಪದವನ್ನು ಕನ್ನಡಿಗರು ಹೆಚ್ಚಾಗಿ ಕಂಡದ್ದು ಪತ್ರಿಕೆಗಳಲ್ಲಿ, ಅದರಲ್ಲೂ ಹೊನ್ನಾವರ ಬಳಿಯ ಹಳದೀಪುರದವರಾದ, ಮುಂಬೈ ಆಸ್ಪತ್ರೆಯಲ್ಲಿ ದಶಕಗಳ ಕಾಲ ಅರಿವಿಲ್ಲದಂತೆ ಮಲಗಿದ್ದ ನರ್ಸ್ ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟ ಸಂದರ್ಭದಲ್ಲಿ. ಮನುಷ್ಯರಿಗೆ ಸಂಬಂಧಿಸಿದಂತೆ ಆ ತೀರ್ಪು ಒಪ್ಪಿದ್ದು ಜೀವ ಹಿಡಿದಿಟ್ಟಿರುವ ಚಿಕಿತ್ಸೆಯನ್ನು ಕಟ್ಟುಪಾಡುಗಳೊಳಗೆ ನಿಲ್ಲಿಸುವುದನ್ನೇ ಹೊರತು ಮದ್ದು ಕೊಟ್ಟು ಪ್ರಾಣ ತೆಗೆಯುವುದನ್ನಲ್ಲ. ಪಶುವೈದ್ಯರ ಬಾಯಲ್ಲಿ ಮಾತ್ರ ದಯಾಮರಣವೆಂದರೆ ಈ ಎರಡನೆಯದೇ. ಮನೆಮಂದಿ ಆ ಪದವನ್ನೂ ಬಳಸದೆ, ‘ಇಂಜೆಕ್ಷನ್ ಕೊಡಿಸಿಬಿಟ್ವಿ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಚಿಕಿತ್ಸೆ ನಿಲ್ಲಿಸುವುದು ಮತ್ತು ದಯಾಮರಣ ಒಂದೇ ಅಲ್ಲ. ಮೂತ್ರಪಿಂಡ ಸೋತ ಹದಿನಾಲ್ಕು ವರ್ಷದ ನಾಯಿಗೆ ಚರ್ಮದಡಿ ಕೊಡುತ್ತಿದ್ದ ಡ್ರಿಪ್ ನಿಲ್ಲಿಸಿದರೆ ಸೂಜಿಯ ಕಾಟ ತಪ್ಪುತ್ತದೆ, ಆದರೆ ರಕ್ತದಲ್ಲಿ ಕಶ್ಮಲ ಏರುತ್ತ ವಾಂತಿ, ಬಾಯಿಹುಣ್ಣು, ನಿತ್ರಾಣ ಒಂದರ ಹಿಂದೊಂದು ಬಂದು ಸಾವು ದಿನಗಟ್ಟಲೆ ಎಳೆಯಬಹುದು. ‘ತಾನಾಗಿಯೇ ಹೋಗಲಿ’ ಎಂದು ಬಿಡುವುದು ಕೈಗೆ ಪಾಪ ಅಂಟದ ದಾರಿಯಂತೆ ಕಾಣುವುದು ನಿಜ. ಆದರೆ ನೋವು, ವಾಕರಿಕೆಗಳನ್ನು ತಗ್ಗಿಸುವ ಆರೈಕೆ ಕಡೆಯವರೆಗೂ ಜೊತೆಗಿಲ್ಲದಿದ್ದರೆ ಅಲ್ಲಿ ದಯೆಯೆಂಬ ಮಾತಿಗೆ ಎಡೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಯಾವಾಗ? ‘ಅನ್ನ ನೀರು ಬಿಟ್ಟಾಗ’ ಎಂಬ ಹಳೆಯ ಅಳತೆ ಪೂರ್ತಿ ನಂಬತಕ್ಕದ್ದಲ್ಲ. ಸಂಧಿವಾತದಿಂದ ಎದ್ದು ನಿಲ್ಲಲಾಗದ ನಾಯಿ ಕೊನೆಯ ದಿನವೂ ಮೊಸರನ್ನ ನೆಕ್ಕಬಹುದು. ಊಟ ಬಿಟ್ಟ ಬೆಕ್ಕು ವಾಕರಿಕೆಗೆ ಮದ್ದು ಕೊಟ್ಟೊಡನೆ ಮತ್ತೆ ತಟ್ಟೆಯ ಬಳಿ ಬರಬಹುದು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ರೂಪಿಸಿದ ಮಾಪಕವು ಇದಕ್ಕೆಂದೇ ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಲವಲವಿಕೆ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ತಲಾ 10 ಅಂಕ ಇಡುತ್ತದೆ; ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಮೊತ್ತ 35ನ್ನು ಮೀರಿದರೆ ಆರೈಕೆ ಮುಂದುವರಿಸಬಹುದು. ಅಂಕ ಹಾಕುವವರು ಮನೆಯವರೇ ಆದ್ದರಿಂದ ಆಸೆ ಅದರೊಳಗೆ ನುಸುಳದೆ ಇರದು. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಕೊನೆಗೆ ಒಂದು ಗುರುತು ಹಾಕುತ್ತ ಹೋದರೆ, ನೆನಪು ಮರೆಮಾಚುವ ವಾರಗಳು ಅಲ್ಲಿ ಹಾಗೆಯೇ ಉಳಿದಿರುತ್ತವೆ.

ನಿರ್ಧಾರವಾದ ಮೇಲಿನ ಕ್ರಿಯೆ ಚಿಕ್ಕದು. ಸಾಮಾನ್ಯವಾಗಿ ಮೊದಲು ಮಂಪರಿನ ಮದ್ದು, ಅನಂತರ ರಕ್ತನಾಳಕ್ಕೆ ಅರಿವಳಿಕೆ ಮದ್ದಿನ ಅತಿಪ್ರಮಾಣ; ಪ್ರಜ್ಞೆ ಹೋದ ಮೇಲೆಯೇ ಉಸಿರೂ ಹೃದಯವೂ ನಿಲ್ಲುತ್ತವೆ. ಬಳಿಕ ಒಂದೆರಡು ಬಾರಿ ಎದೆ ಏರಿದಂತಾಗಬಹುದು, ಮೂತ್ರ ಹೋಗಬಹುದು. ಅದು ಪ್ರಾಣಿಗೆ ತಿಳಿಯುವುದಿಲ್ಲ. ಕಣ್ಣು ತೆರೆದೇ ಉಳಿಯುತ್ತದೆಂಬುದನ್ನು ವೈದ್ಯರು ಪಕ್ಕದಲ್ಲಿ ಕುಳಿತವರಿಗೆ ಮೊದಲೇ ಹೇಳಿರಬೇಕು.