ಸೆರೆಬೆಲ್ಲಮ್: ಬಲಗಡೆ ಪೆಟ್ಟಾದರೆ ಬಲಗೈಯೇ ಏಕೆ ತಪ್ಪುತ್ತದೆ?

ಮೆದುಳಿನ ಬಲಭಾಗ ದೇಹದ ಎಡಭಾಗವನ್ನು ನೋಡಿಕೊಳ್ಳುತ್ತದೆ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ, ಅಲ್ವಾ? ಸೆರೆಬೆಲ್ಲಮ್, ಅಂದರೆ ಶಾಲೆಯಲ್ಲಿ ಓದಿದ ಅನುಮಸ್ತಿಷ್ಕಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅದರ ಬಲಗಡೆ ಪೆಟ್ಟಾದರೆ ತೊಂದರೆ ಬಲಗೈ, ಬಲಗಾಲಿಗೇ. ದಾರಿ ಗೊತ್ತಾದರೆ ಇದನ್ನು ಉರು ಹೊಡೆಯಬೇಕಾಗಿಲ್ಲ.

ಮೊದಲು ಜಾಗ. ತಲೆಯ ಹಿಂದೆ, ದೊಡ್ಡ ಮೆದುಳಿನ ಹಿಂಭಾಗವಾದ ಆಕ್ಸಿಪಿಟಲ್ ಲೋಬ್ ಕೆಳಗೆ, ಬ್ರೇನ್‌ಸ್ಟೆಮ್‌ನ (ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಕಾಂಡ) ಭಾಗಗಳಾದ ಪಾನ್ಸ್ ಮತ್ತು ಮೆಡುಲ್ಲಾದ ಹಿಂದುಗಡೆ ಇದು ಕೂತಿದೆ. ಮುಂದೆ ಮೆದುಳಿನ ದ್ರವ ಹರಿಯುವ ನಾಲ್ಕನೇ ವೆಂಟ್ರಿಕಲ್, ಮೇಲೆ ಟೆಂಟೋರಿಯಮ್ ಪೊರೆ. ಎಡ-ಬಲ ಎರಡು ಹೆಮಿಸ್ಫಿಯರ್ (ಅರ್ಧಗೋಳ), ನಡುವೆ ಪಟ್ಟಿಯಂಥ ವರ್ಮಿಸ್. ತೂಕ ಸುಮಾರು 150 ಗ್ರಾಂ, ಇಡೀ ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ. ಬಹುಪಾಲು ಪುಟಾಣಿ ಗ್ರ್ಯಾನ್ಯೂಲ್ ಕೋಶಗಳು.

ಹೊರಪದರದ ನಾಯಕ ಪುರ್ಕಿಂಜೆ ಕೋಶ. 1837ರಲ್ಲಿ ಇದನ್ನು ವಿವರಿಸಿದವರು ಯಾನ್ ಪುರ್ಕಿಂಜೆ. ಒಂದೊಂದು ಕೋಶಕ್ಕೆ ಲಕ್ಷಕ್ಕೂ ಜಾಸ್ತಿ ಪ್ಯಾರಲಲ್ ಫೈಬರ್‌ಗಳು, ಅಂದರೆ ಗ್ರ್ಯಾನ್ಯೂಲ್ ಕೋಶಗಳ ನಾರುಗಳು, ಬಂದು ತಾಗುತ್ತವೆ. ಕ್ಲೈಂಬಿಂಗ್ ಫೈಬರ್ ಮಾತ್ರ ಒಂದೇ, ಅದೂ ಮೆಡುಲ್ಲಾದಲ್ಲಿರುವ ಇನ್ಫೀರಿಯರ್ ಆಲಿವ್ ಎಂಬ ಕೋಶಗುಂಪಿನಿಂದ. ಚಲನೆ ತಪ್ಪಿದಾಗ ಆ ಸುದ್ದಿ ತರುವುದು ಇದೇ ಎಂಬುದು ಬಹುತೇಕರು ಒಪ್ಪುವ ವಿವರಣೆ. ತಪ್ಪಿಗೆ ಕಾರಣವಾದ ಸಂಪರ್ಕಗಳು ಆಗ ದುರ್ಬಲವಾಗುತ್ತವೆ. ಸೈಕಲ್ ಕಲಿಯುವಾಗ ಬೀಳುತ್ತಾ ಬೀಳುತ್ತಾ ಸರಿಹೋಗುವುದರ ಹಿಂದೆ ಈ ಕೆಲಸವಿದೆ. ಒಂದು ವಿಷಯ ಮರೆಯಬೇಡಿ: ಪುರ್ಕಿಂಜೆ ಕೋಶ ಕಳಿಸುವುದು ಬರೀ ತಡೆಯುವ ಸಂದೇಶ. ಸೆರೆಬೆಲ್ಲಮ್‌ನಿಂದ ಹೊರಗೆ ಮಾತಾಡುವುದು ಹೆಚ್ಚಾಗಿ ಒಳಗಿನ ನ್ಯೂಕ್ಲಿಯಸ್‌ಗಳು, ಅಂದರೆ ನರಕೋಶಗಳ ಗುಂಪುಗಳು. ಅದರಲ್ಲಿ ದೊಡ್ಡದು ಡೆಂಟೇಟ್.

ಈಗ ಬಲಗೈ ದಾರಿ ಹಿಡಿಯಿರಿ. ಬಲ ಡೆಂಟೇಟ್‌ನಿಂದ ಹೊರಟ ನಾರುಗಳು ಸುಪೀರಿಯರ್ ಪೆಡಂಕಲ್ ಎಂಬ ನಾರುಕಟ್ಟಿನ ಮೂಲಕ ಬ್ರೇನ್‌ಸ್ಟೆಮ್‌ನ ಮೇಲ್ಭಾಗವಾದ ಮಿಡ್‌ಬ್ರೇನ್‌ಗೆ ಹೋಗಿ ಅಲ್ಲಿ ಎಡಕ್ಕೆ ದಾಟುತ್ತವೆ. ಮುಂದೆ ಸಂದೇಶ ದಾಟಿಸುವ ಎಡ ಥಾಲಮಸ್, ಅಲ್ಲಿಂದ ಚಲನೆಗೆ ಆಜ್ಞೆ ಕೊಡುವ ಎಡ ಮೋಟಾರ್ ಕಾರ್ಟೆಕ್ಸ್. ಅಲ್ಲಿಂದ ಬೆನ್ನುಹುರಿಗೆ ಇಳಿಯುವ ಕಾರ್ಟಿಕೋಸ್ಪೈನಲ್ ನಾರುಗಳು ಮೆಡುಲ್ಲಾದಲ್ಲಿ ಮತ್ತೆ ಬಲಕ್ಕೆ ದಾಟುತ್ತವೆ. ಎರಡು ಸಲ ದಾಟಿದ ಮೇಲೆ ಬಂದು ಸೇರಿದ್ದು ಹೊರಟ ಕಡೆಗೇ!

ವಾರ್ಡಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಿಮ್ಮ ಬೆರಳು ಮುಟ್ಟಿ ತನ್ನ ಮೂಗು ಮುಟ್ಟಲು ರೋಗಿಗೆ ಹೇಳಿ. ಕೈ ಹೊರಡುವಾಗ ತಕ್ಕಮಟ್ಟಿಗೆ ಸರಿಯಿರುತ್ತದೆ. ಗುರಿ ಹತ್ತಿರವಾದಷ್ಟೂ ನಡುಕ ಜಾಸ್ತಿ, ಕೊನೆಗೆ ಬೆರಳು ಮೂಗನ್ನು ಬಿಟ್ಟು ಕೆನ್ನೆಗೆ ಹೋಗುತ್ತದೆ. ಪಾರ್ಕಿನ್ಸನ್ಸ್‌ನಲ್ಲಿ ಹಾಗಲ್ಲ, ಕೈ ಸುಮ್ನೆ ಇಟ್ಟಾಗಲೇ ನಡುಕ. ಕೈಯ ಬಲವನ್ನೂ ಪರೀಕ್ಷಿಸಿ, ಅದು ಕುಂದಿರುವುದಿಲ್ಲ. ಚಲನೆ ಶುರುಮಾಡುವುದು ಸೆರೆಬೆಲ್ಲಮ್ ಅಲ್ಲ, ಅದನ್ನು ತಿದ್ದುವುದಷ್ಟೇ ಇದರ ಕೆಲಸ.

ವರ್ಮಿಸ್ ಕೆಟ್ಟರೆ ಕಥೆ ಬೇರೆ. ಹಾಸಿಗೆಯಲ್ಲಿ ಮಲಗಿಸಿ ನೋಡಿದರೆ ಕೈಕಾಲು ಬಹುಪಾಲು ಸರಿ, ಎಬ್ಬಿಸಿ ನಿಲ್ಲಿಸಿದರೆ ಮೈಯೇ ತೂರಾಡುತ್ತದೆ. ವರ್ಷಗಟ್ಟಲೆ ಕುಡಿದವರಲ್ಲಿ ಸವೆಯುವುದು ಹೆಚ್ಚಾಗಿ ವರ್ಮಿಸ್‌ನ ಮುಂಭಾಗ. ಸೆರೆಬೆಲ್ಲಮ್‌ನದೇ ಇನ್ನೊಂದು ಪುಟ್ಟ ಭಾಗವಾದ ಫ್ಲಾಕ್ಯುಲೋನಾಡ್ಯುಲರ್ ಲೋಬ್ ಕಣ್ಣಿನ ಚಲನೆ, ಸಮತೋಲನ ನೋಡಿಕೊಳ್ಳುತ್ತದೆ.

ಸೆರೆಬೆಲ್ಲಮ್‌ನಲ್ಲಿ ಸ್ಟ್ರೋಕ್ ಆದವರು ಕೆಲವೊಮ್ಮೆ ಬರೀ ತಲೆಸುತ್ತು, ವಾಂತಿ ಎಂದು ಬರುತ್ತಾರೆ. ಜಾಗ ಇಕ್ಕಟ್ಟು. ಮುಂದಿನ ಕೆಲವು ದಿನಗಳಲ್ಲಿ ಊದಿಕೊಂಡರೆ ನಾಲ್ಕನೇ ವೆಂಟ್ರಿಕಲ್ ಮುಚ್ಚಿ, ಬ್ರೇನ್‌ಸ್ಟೆಮ್ ಒತ್ತಿ ಜೀವಕ್ಕೇ ಕುತ್ತು. ಅಂಥವರನ್ನು ಎಬ್ಬಿಸಿ, ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಸಿ ನೋಡದೆ ಮನೆಗೆ ಕಳಿಸಬೇಡಿ.