ಕುದಿ ನಿಂತರೆ ಹೆದರಬೇಕಾದ ಸರೋವರ

2004ರ ಡಿಸೆಂಬರಿನಲ್ಲಿ ಕೆರಿಬಿಯನ್ ದ್ವೀಪ ಡೊಮಿನಿಕಾದ ಕುದಿಯುವ ಸರೋವರ ಇದ್ದಕ್ಕಿದ್ದಂತೆ ಬರಿದಾಗತೊಡಗಿತು. ನೀರಿನ ಮಟ್ಟ ಸುಮಾರು 10 ಮೀಟರ್ ಕುಸಿಯಿತು. ಬರಗಾಲವೇನೂ ಬಂದಿರಲಿಲ್ಲ, ಆ ಬೆಟ್ಟಗಳಲ್ಲಿ ಮಳೆಗೆ ಬಿಡುವೆಂಬುದೇ ಅಪರೂಪ. 2005ರ ಏಪ್ರಿಲ್ ಹೊತ್ತಿಗೆ ಸರೋವರ ಮತ್ತೆ ತುಂಬಿಕೊಂಡಿತು, ಅದೂ ಒಂದೇ ದಿನದಲ್ಲಿ. ಎಂಥ ಮಳೆಗೂ ಸಾಧ್ಯವಾಗದ ವೇಗ ಇದು. ನೀರು ಮೇಲಿಂದ ಬಿದ್ದದ್ದಲ್ಲ, ಕೆಳಗಿನಿಂದ ಎದ್ದು ಬಂದದ್ದು.

ಡೊಮಿನಿಕನ್ ರಿಪಬ್ಲಿಕ್ ಬೇರೆ, ಡೊಮಿನಿಕಾ ಬೇರೆ. ಇದು ಗ್ವಾಡೆಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳ ನಡುವಿನ, ಸುಮಾರು 750 ಚದರ ಕಿಲೋಮೀಟರಿನ ಪುಟ್ಟ ದೇಶ. ರಾಜಧಾನಿ ರೋಸೋವನ್ನು ನಮ್ಮ ಕ್ರಿಕೆಟ್ ಪ್ರಿಯರು ಟಿವಿಯಲ್ಲಿ ಕಂಡಿರುತ್ತಾರೆ: 2023ರ ಜುಲೈನಲ್ಲಿ ಯಶಸ್ವಿ ಜೈಸ್ವಾಲ್ ತಮ್ಮ ಮೊದಲ ಟೆಸ್ಟ್‌ನಲ್ಲೇ 171 ರನ್ ಹೊಡೆದದ್ದು, ಅಶ್ವಿನ್ 12 ವಿಕೆಟ್ ಕಿತ್ತದ್ದು ಅಲ್ಲಿನ ವಿಂಡ್ಸರ್ ಪಾರ್ಕ್ ಮೈದಾನದಲ್ಲಿ. ಕೆರಿಬಿಯನ್ ಎಂದರೆ ಬಿಳಿ ಮರಳಿನ ಕಡಲತೀರ ಎಂದುಕೊಂಡು ಹೋದವರಿಗೆ ಇಲ್ಲಿ ನಿರಾಶೆಯೇ ಗತಿ. ಇಲ್ಲಿನ ಮರಳು ಹೆಚ್ಚಾಗಿ ಕಪ್ಪು, ಏಕೆಂದರೆ ದ್ವೀಪವಿಡೀ ಜ್ವಾಲಾಮುಖಿಗಳ ಸೃಷ್ಟಿ. ಅಟ್ಲಾಂಟಿಕ್ ಸಾಗರದ ತಳ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಕೆರಿಬಿಯನ್ ಭೂಫಲಕದ ಅಡಿಗೆ ನುಗ್ಗುತ್ತಿದೆ. ಹಾಗೆ ಇಳಿಯುವ ಬಂಡೆ ತನ್ನೊಳಗಿನ ನೀರನ್ನು ಆಳದಲ್ಲಿ ಬಿಟ್ಟುಕೊಡುತ್ತದೆ. ನೀರು ಬೆರೆತ ಬಿಸಿ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಕರಗಿದ್ದು ಶಿಲಾರಸವಾಗಿ ಮೇಲೇರುತ್ತದೆ. ಒಂಬತ್ತು ಜ್ವಾಲಾಮುಖಿಗಳು ಈ ಪುಟ್ಟ ನೆಲದಲ್ಲಿ ಒತ್ತೊತ್ತಾಗಿ ನಿಂತಿರುವುದು ಹೀಗೆ.

ಸರೋವರಕ್ಕೆ ರಸ್ತೆಯಿಲ್ಲ. ಲೋಡಾ ಎಂಬ ಬೆಟ್ಟದೂರಿನ ಬಳಿ, ಟಿಟು ಕಮರಿಯ ಬಾಯಿಂದ ನಡಿಗೆ ಶುರು. ಹೋಗಿ ಬರಲು ಆರು ಗಂಟೆಯಾದರೂ ಬೇಕು. ಈ ಕಮರಿಯನ್ನು ನದಿ ಕೊರೆದದ್ದಲ್ಲ. ಲಾವಾ ತಣಿದು ಕುಗ್ಗುವಾಗ ಬಿರಿದ ಸೀಳು ಇದು, ನೀರು ಆಮೇಲೆ ಬಂದು ಸೇರಿಕೊಂಡದ್ದು. ಮುಂದಿನ ದಾರಿಯಲ್ಲಿ ಮಳೆಕಾಡು, ಹಳ್ಳ, ಕೆಸರು, ಮೈಬೆವರಿಳಿಸುವ ಏರು. ಅದನ್ನು ದಾಟಿ ಇಳಿದರೆ ಹಸಿರು ಹಠಾತ್ತನೆ ಮಾಯವಾಗುತ್ತದೆ.

ಅಲ್ಲಿಂದಾಚೆ ‘ಹಾಳು ಕಣಿವೆ’. ಕಾಲಿಡುವ ಮುನ್ನವೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಅಡರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್ ಅನಿಲ. ಬೆಳ್ಳಿಯುಂಗುರ ತೊಟ್ಟು ಬಂದವರ ಬೆರಳಲ್ಲಿ ಅದರ ಹೊಳಪು ಮಾಸಿ ಕಪ್ಪಾಗುತ್ತದೆ. ಕೈಗೆಟಕುವ ದೂರದಲ್ಲೇ ಒಂದು ತೊರೆ ಹಾಲುಬಿಳುಪಾಗಿ, ಪಕ್ಕದ್ದು ಮಸಿಗಪ್ಪಾಗಿ ಹರಿಯುತ್ತದೆ. ಬಂಡೆಯ ಬಿರುಕಿನ ಅಂಚಿನಲ್ಲಿ ಹಳದಿ ಗಂಧಕದ ಸೂಜಿಯಂಥ ಹರಳುಗಳು. ಕಪ್ಪಿಗೆ ಕಬ್ಬಿಣದ ಸಲ್ಫೈಡ್ ಕಾರಣ, ಕೆಂಗಂದಿಗೆ ಅದೇ ಕಬ್ಬಿಣದ ತುಕ್ಕು. ಮಾರ್ಗದರ್ಶಿಗಳು ಇಲ್ಲಿನ ಕುದಿನೀರಿನಲ್ಲಿ ಮೊಟ್ಟೆ ಬೇಯಿಸಿ ಚಾರಣಿಗರ ಕೈಗಿಡುತ್ತಾರೆ. ಅವರು ಹೆಜ್ಜೆಯಿಟ್ಟಲ್ಲೇ ಹೆಜ್ಜೆಯಿಡಬೇಕು. ಕೆಲವೆಡೆ ನೆಲವೆಂದು ಕಾಣುವುದು ತೆಳ್ಳನೆಯ ಹೊಪ್ಪಳಿಕೆಯಷ್ಟೇ, ಅಡಿಯಲ್ಲಿ ಕುದಿಯುವ ಕೆಸರು.

ಕೊನೆಗೆ ಸರೋವರ. ಸುಮಾರು 60 ಮೀಟರ್ ಅಗಲದ ಹೊಂಡ, ಬೂದುನೀಲಿ ನೀರು, ಹಬೆಯ ಮುಸುಕು. ಗಾಳಿ ಬೀಸಿ ಹಬೆ ಸರಿದಾಗಷ್ಟೇ ನಡುವಿನ ಉಕ್ಕಾಟ ಕಣ್ಣಿಗೆ ಬೀಳುತ್ತದೆ. ಇಂಥವುಗಳಲ್ಲಿ ಇದಕ್ಕಿಂತ ದೊಡ್ಡದು ನ್ಯೂಜಿಲೆಂಡಿನಲ್ಲಿ ಮಾತ್ರ ಇದೆ. 1875ರಲ್ಲಿ ಅಳೆದವರಿಗೆ ಅಂಚಿನ ನೀರಿನಲ್ಲಿ ಸಿಕ್ಕಿದ್ದು 82ರಿಂದ 91.5 ಡಿಗ್ರಿ ಸೆಲ್ಸಿಯಸ್. ಆ ಎತ್ತರದಲ್ಲಿ ನೀರಿನ ಕುದಿಬಿಂದು 97 ಡಿಗ್ರಿಯ ಆಸುಪಾಸು. ಹಾಗಾಗಿ ಅಂಚಿನಲ್ಲಿ ನೀರು ನಿಜಕ್ಕೂ ಕುದಿಯುತ್ತಿಲ್ಲ. ನಡುವೆ ಕಾಣುವ ಅಬ್ಬರ ತಳದ ಬಿರುಕಿನಿಂದ ನುಗ್ಗಿ ಬರುವ ಹಬೆ ಮತ್ತು ಅನಿಲದ್ದು.

ಸರೋವರ ನಿಂತಿರುವುದೂ ಆ ಹಬೆಯ ಬಲದಿಂದಲೇ. ಇದರ ನೀರಿನ ಮಟ್ಟ ಸುತ್ತಲಿನ ಅಂತರ್ಜಲಕ್ಕಿಂತ ಬಹಳ ಮೇಲಿದೆ. ಸಹಜವಾಗಿ ನೀರು ಸೋರಿ ಕೆಳಗಿಳಿಯಬೇಕು. ಒಲೆಯ ಮೇಲಿನ ಹಾಲು ಉಕ್ಕಿ ಪಾತ್ರೆಯ ಅಂಚಿಗೆ ಬರುವುದನ್ನೂ, ಉರಿ ತಗ್ಗಿಸಿದ ಕೂಡಲೇ ಕುಸಿಯುವುದನ್ನೂ ನೆನೆಯಿರಿ. ಇಲ್ಲೂ ಕೆಳಗಿನಿಂದ ಬರುವ ಗುಳ್ಳೆಗಳು ಕೊಳವೆಯಂಥ ಬಿರುಕಿನಲ್ಲಿನ ನೀರನ್ನು ಹಗುರಗೊಳಿಸಿ ಎತ್ತಿ ಹಿಡಿದಿವೆ. ಗುಳ್ಳೆಗಳ ಪೂರೈಕೆಗೆ ಅಡ್ಡಿಯಾದರೆ ನೀರು ಜಾರಿ ಒಳಗಿಳಿಯುತ್ತದೆ. 2004ರ ನವೆಂಬರ್ 21ರಂದು, ಅಂದರೆ ಸರೋವರ ಬರಿದಾಗುವ ಕೆಲವೇ ವಾರಗಳ ಮುಂಚೆ, ದ್ವೀಪದ ಉತ್ತರದ ಕಡಲಿನಲ್ಲಿ 6.3 ತೀವ್ರತೆಯ ಭೂಕಂಪವಾಗಿತ್ತು. ಎರಡಕ್ಕೂ ನಂಟಿರಬಹುದು.

ಆದ್ದರಿಂದ ಈ ಸರೋವರ ಉಕ್ಕುತ್ತಿದ್ದರೆ ಅದು ಕ್ಷೇಮವಾಗಿದೆ ಎಂದರ್ಥ. ಸದ್ದಡಗಿ ತಿಳಿಯಾಗಿ ನಿಂತಿದ್ದರೆ ಹತ್ತಿರ ಹೋಗಬಾರದು. ಒಳಗಿಳಿದ ನೀರು ಬಿಸಿ ಬಂಡೆಗೆ ತಾಗಿ ಒಮ್ಮೆಲೇ ಹಬೆಯಾದರೆ ಕಲ್ಲು, ಕೆಸರು ಸಿಡಿಯುತ್ತವೆ. 1880ರಲ್ಲಿ ಹತ್ತಿರದಲ್ಲೇ ಅಂಥ ಸ್ಫೋಟವಾಗಿತ್ತು. 20ನೇ ಶತಮಾನದ ಆರಂಭದಲ್ಲಿ ಒಬ್ಬ ಪ್ರವಾಸಿಯೂ ಆತನ ಮಾರ್ಗದರ್ಶಿಯೂ ಇಲ್ಲಿನ ವಿಷಾನಿಲಕ್ಕೆ ಬಲಿಯಾದರು.

ಇಂಥ ಜಾಗಕ್ಕೆ ಆರು ಕಿಲೋಮೀಟರಿಗೂ ಉದ್ದದ ಕೇಬಲ್ ಕಾರ್ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ. ವಯಸ್ಸಾದವರಿಗೆ, ನಡೆಯಲಾಗದವರಿಗೆ ಅನುಕೂಲ, ಒಪ್ಪೋಣ. ಆದರೆ ಹಾಳು ಕಣಿವೆಯನ್ನು ಕಾಲ್ನಡಿಗೆಯಲ್ಲಿ ದಾಟದೆ ಸರೋವರವನ್ನಷ್ಟೇ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ ಎಂಬುದು ನನ್ನ ತಕರಾರು.

ಕಾಲು ನೋಯಿಸಿಕೊಳ್ಳಲು ಮನಸ್ಸಿಲ್ಲದವರಿಗೆ ಕಡಲಿದೆ. ದಕ್ಷಿಣದ ಷಾಂಪೇನ್ ರೀಫ್ ಎಂಬಲ್ಲಿ ಸ್ನಾರ್ಕೆಲ್ ಎಂಬ ಉಸಿರುಕೊಳವೆ ಕಟ್ಟಿಕೊಂಡು ನೀರಿಗಿಳಿದರೆ, ತಳದ ಕಲ್ಲುಗಳ ಸಂದಿಯಿಂದ ಅನಿಲದ ಗುಳ್ಳೆಗಳು ಸರಮಾಲೆಯಾಗಿ ಏರಿ ಬರುತ್ತವೆ. ಬೆಟ್ಟದ ಮೇಲೆ ಸರೋವರವನ್ನು ಎತ್ತಿ ಹಿಡಿದ ಜ್ವಾಲಾಮುಖಿಯ ಉಸಿರೇ ಇಲ್ಲಿ ಮಕ್ಕಳೂ ಕೈಯೊಡ್ಡಬಹುದಾದಷ್ಟು ಸೌಮ್ಯ.

ಜ್ವಾಲಾಮುಖಿ ದ್ವೀಪಗಳ ಇಳಿಜಾರು ನೀರಿನೊಳಗೂ ಕಡಿದಾಗಿಯೇ ಮುಂದುವರಿಯುತ್ತದೆ. ಹೀಗಾಗಿ ದಡದಿಂದ ಸ್ವಲ್ಪವೇ ದೂರದಲ್ಲಿ ಕಡಲು ಬಲು ಆಳ. ಆಳಕ್ಕೆ ಮುಳುಗಿ ಹತ್ತು ಬಾಹುಗಳ ಕಡಲಜೀವಿ ಸ್ಕ್ವಿಡ್‌ಗಳನ್ನು ಬೇಟೆಯಾಡುವ ಸ್ಪರ್ಮ್ ತಿಮಿಂಗಿಲಗಳಿಗೆ ಹೇಳಿ ಮಾಡಿಸಿದ ತಾಣ. ಹೆಣ್ಣುಗಳೂ ಮರಿಗಳೂ ಕುಟುಂಬಗಳಾಗಿ ವರ್ಷಪೂರ್ತಿ ಇಲ್ಲಿ ಕಾಣಸಿಗುತ್ತವೆ. ಅವು ಟಕ್ ಟಕ್ ಸದ್ದುಗಳ ನಿರ್ದಿಷ್ಟ ಲಯಗಳಲ್ಲಿ ಪರಸ್ಪರ ಮಾತಾಡಿಕೊಳ್ಳುತ್ತವೆ. ಬೇರೆ ಬೇರೆ ಬಳಗಗಳ ಲಯವೂ ಬೇರೆ. 2005ರಿಂದ ವಿಜ್ಞಾನಿಗಳು ನೀರಿಗೆ ಮೈಕ್ ಇಳಿಬಿಟ್ಟು ಈ ಕುಟುಂಬಗಳನ್ನು ಹಿಂಬಾಲಿಸುತ್ತಿದ್ದಾರೆ. ಹಡಗುಗಳು ಡಿಕ್ಕಿ ಹೊಡೆದು, ಮೀನುಬಲೆಗೆ ಸಿಕ್ಕಿ ಇವು ಸಾಯುವುದನ್ನು ತಡೆಯಲು ಡೊಮಿನಿಕಾ 2023ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 800 ಚದರ ಕಿಲೋಮೀಟರ್ ಕಡಲನ್ನು ತಿಮಿಂಗಿಲಗಳಿಗಾಗಿ ಮೀಸಲಿಡುವುದಾಗಿ ಘೋಷಿಸಿತು. ಅಂದರೆ ದೇಶದ ನೆಲಕ್ಕಿಂತ ತುಸು ಹೆಚ್ಚೇ.